ಬೀದಿಯ ಗೋಡೆ ಮತ್ತು ಕುಂಬಾರನ ಆವಿಗೆ

ಬೆಂಗಳೂರಿನ ಉತ್ತರ ಭಾಗದಲ್ಲಿ, ಹೆಬ್ಬಾಳದಿಂದ ಯಶವಂತಪುರದ ಕಡೆಗಾಗಲಿ ಯಲಹಂಕದ ಕಡೆಗಾಗಲಿ ನಡೆದು ಹೋಗುವವರಿಗೆ ಒಂದು ನೋಟ ತಪ್ಪದೆ ಕಾಣಸಿಗುತ್ತದೆ. ಉದ್ದನೆಯ ಕಾಂಪೌಂಡು ಗೋಡೆ. ನೆಲದಿಂದ ಮೊಳಕಾಲೆತ್ತರದಲ್ಲಿ ಅಂಗೈಯಗಲದ ಪಿಂಗಾಣಿ ಬಿಲ್ಲೆಗಳ ಸಾಲು. ಒಂದೊಂದು ಬಿಲ್ಲೆಯ ಮೇಲೂ ಒಬ್ಬೊಬ್ಬ ದೇವರು. ಗಣಪತಿ, ತಿರುಪತಿಯ ತಿಮ್ಮಪ್ಪ, ಶಿರಡಿಯ ಸಾಯಿಬಾಬಾ, ಅವರ ಪಕ್ಕದಲ್ಲಿ ಒಂದು ಶಿಲುಬೆ, ಒಂದು ಮಸೀದಿಯ ಚಿತ್ರ. ಇದನ್ನು ಕಂಡ ಪರಸ್ಥಳದವರು ನಮ್ಮ ನಗರದ ಸರ್ವಧರ್ಮ ಸಮಭಾವಕ್ಕೆ ತಲೆದೂಗಬಹುದು. ಆದರೆ ನಮಗೆಲ್ಲ ನಿಜಸಂಗತಿ ತಿಳಿದೇ ಇದೆ. ದಾರಿಹೋಕರು ಆ ಗೋಡೆಗೆ ಮೂತ್ರ ವಿಸರ್ಜಿಸದಿರಲೆಂದು ಮನೆಯೊಡೆಯರು ದೇವರನ್ನು ಕಾವಲಿಗೆ ನಿಲ್ಲಿಸಿದ್ದಾರೆ!

ಮನೆಯೊಡೆಯರ ಕಷ್ಟವನ್ನು ನಾವು ಹಗುರವಾಗಿ ಕಾಣಬಾರದು. ಮೊದಲು ಸುಣ್ಣ ಬಳಿದು ವಿನಂತಿ ಬರೆಸಿರುತ್ತಾರೆ. ಆಮೇಲೆ ಎಚ್ಚರಿಕೆ ಬರೆಸಿರುತ್ತಾರೆ. ಅನಂತರ ಬೈಗುಳವನ್ನೂ ಬರೆಸಿರುತ್ತಾರೆ. ಯಾವುದೂ ಫಲಿಸದಿದ್ದಾಗ ಅಂಗಡಿಯಿಂದ ಹತ್ತು ಬಿಲ್ಲೆ ತಂದು ಗಾರೆಯವನಿಂದ ಕೂರಿಸುತ್ತಾರೆ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಪೂಜ್ಯವೆಂದು ನಾವು ನಂಬಿದ ರೂಪವನ್ನು ಕೊಳಕು ಬೀಳುವ ಸಂಭವವಿರುವ ಸ್ಥಳದಲ್ಲಿಯೇ ಇರಿಸುವುದು ಭಕ್ತಿಯೇ? ಅಪಚಾರ ಮಾಡುವವನು ದಾರಿಹೋಕನೊಬ್ಬನೇ, ಅಥವಾ ಅಪಚಾರಕ್ಕೆ ಎದುರಾಗಿ ಆ ಮೂರ್ತಿಯನ್ನು ನಿಲ್ಲಿಸಿದವನೂ ಅದರಲ್ಲಿ ಪಾಲುಗಾರನೇ? ಇಷ್ಟಲಿಂಗವನ್ನು ಎದೆಯ ಮೇಲೆ ಧರಿಸಿ, ಅದು ನೆಲಕ್ಕೆ ತಾಗದಂತೆ ಜೋಪಾನ ಮಾಡುವ ಮನೆತನಗಳವರಾದ ನಾವು ಈ ಪ್ರಶ್ನೆಯನ್ನು ಕೇಳಿಕೊಳ್ಳಲೇಬೇಕು. ಈಚೆಗೆ ಕೆಲವು ಕಡೆ ಶರಣರ ಚಿತ್ರಗಳೂ ಇದೇ ಕಾವಲಿಗೆ ನಿಂತಿರುವುದನ್ನು ಕಂಡು ಮನಸ್ಸಿಗೆ ಖೇದವಾಯಿತು. ಈ ತಿಂಗಳ ವಿಚಾರಕ್ಕೆ ಅದೇ ಪ್ರೇರಣೆ.

ಬೀದಿಯ ಗೋಡೆಗೂ ಆವಿಗೆಯಲ್ಲಿ ಬೆಂದ ಮಣ್ಣಿಗೂ ಇದಕ್ಕಿಂತ ಗೌರವದ ಸಂಬಂಧ ಏರ್ಪಡಲು ಸಾಧ್ಯವಿಲ್ಲವೇ? ಸಾಧ್ಯವೆಂದು ತೋರುವ ಎರಡು ಕಸುಬುಗಳು ಉತ್ತರ ಬೆಂಗಳೂರಿನಲ್ಲಿ ಕೂಗಳತೆಯಷ್ಟು ದೂರದಲ್ಲೇ ಇವೆ. ಒಂದು, ಬೀದಿಯನ್ನೇ ಹಲಗೆಯಾಗಿಸಿಕೊಂಡ ಚಿತ್ರಕಾರನ ಕಸುಬು. ಇನ್ನೊಂದು, ತಲೆಮಾರುಗಳಿಂದ ಮಣ್ಣನ್ನು ನಂಬಿದ ಕುಂಬಾರರ ಕಸುಬು.

ಮೊದಲನೆಯದನ್ನು ನೋಡೋಣ. 2015ರ ಜೂನ್ ತಿಂಗಳಲ್ಲಿ ಆರ್.ಟಿ. ನಗರದ ಸುಲ್ತಾನ್‌ಪಾಳ್ಯ ಮುಖ್ಯರಸ್ತೆಯಲ್ಲಿ ಸುಮಾರು 12 ಅಡಿ ಉದ್ದದ ಗುಂಡಿಯೊಂದು ಬಹುದಿನಗಳಿಂದ ಬಾಯ್ದೆರೆದುಕೊಂಡಿತ್ತು. ಜನ ಅದನ್ನು ಬಳಸಿಕೊಂಡು ಹೋಗುವುದನ್ನು ರೂಢಿ ಮಾಡಿಕೊಂಡಿದ್ದರು. ಒಂದು ಬೆಳಗ್ಗೆ ನೋಡಿದರೆ ಆ ಗುಂಡಿಯ ಸುತ್ತ ಹಸಿರು ಬಣ್ಣ ಬಳಿದು ಕೊಳದಂತೆ ಮಾಡಲಾಗಿದೆ. ನಟ್ಟನಡುವೆ ಒಂದು ಮೊಸಳೆ ಮಲಗಿದೆ! ಮಾಡಿದವರು ಬಾದಲ್ ನಂಜುಂಡಸ್ವಾಮಿ. ಮೈಸೂರಿನವರು, ಅಲ್ಲಿನ ಚಾಮರಾಜೇಂದ್ರ ದೃಶ್ಯಕಲಾ ವಿದ್ಯಾಲಯದಲ್ಲಿ ಕಲಿತವರು. ಸುಮಾರು 20 ಕಿಲೋ ತೂಕದ ಆ ಮೊಸಳೆಗೆ ಅವರು ತಮ್ಮ ಕೈಯಿಂದ 6,000 ರೂಪಾಯಿಯಷ್ಟು ಖರ್ಚು ಮಾಡಿದ್ದರೆಂದು ಆಗ ಪತ್ರಿಕೆಗಳು ಬರೆದವು. ಜನ ನಿಂತು ನೋಡಿದರು, ನಕ್ಕರು, ಚಿತ್ರ ತೆಗೆದರು. ದೇಶವಿದೇಶಗಳಿಗೆ ಸುದ್ದಿ ಹಬ್ಬಿತು. ಬಹುದಿನ ಯಾರ ಕಣ್ಣಿಗೂ ಬೀಳದಿದ್ದ ಗುಂಡಿ ಕೆಲವೇ ದಿನಗಳಲ್ಲಿ ಮುಚ್ಚಿತು.

ಇದೇ ಕಲಾವಿದರು 2019ರ ಸೆಪ್ಟೆಂಬರಿನಲ್ಲಿ, ಚಂದ್ರಯಾನ-2 ಚಂದ್ರನ ನೆಲ ಮುಟ್ಟಲಿದೆಯೆಂದು ನಾಡೆಲ್ಲ ಕಾದಿದ್ದ ದಿನಗಳಲ್ಲಿ, ಹೇರೋಹಳ್ಳಿಯ ತುಂಗಾನಗರದ ರಸ್ತೆಯನ್ನು ಆರಿಸಿಕೊಂಡರು. ಗಗನಯಾತ್ರಿಯ ಉಡುಪು ತೊಟ್ಟವನೊಬ್ಬ ಇರುಳಿನಲ್ಲಿ ಚಂದ್ರನ ಕುಳಿಗಳ ನಡುವೆ ಮೆಲ್ಲಮೆಲ್ಲನೆ ಹೆಜ್ಜೆಯಿಡುವ ದೃಶ್ಯ. ಕ್ಷಣಕಾಲದ ಮೇಲೆ ಪಕ್ಕದಲ್ಲೊಂದು ಆಟೋರಿಕ್ಷಾ ಹಾದುಹೋದಾಗ ಅದು ಚಂದ್ರನಲ್ಲ, ನಮ್ಮದೇ ಬೀದಿ ಎಂದು ತಿಳಿಯುತ್ತಿತ್ತು.

ಓದುಗ ಬಂಧುಗಳು ಗಮನಿಸಬೇಕಾದ ಅಂಶ ಇಲ್ಲಿದೆ. ಆ ಕಲಾವಿದರು ಯಾರನ್ನೂ ಬೈಯಲಿಲ್ಲ, ದೇವರನ್ನು ಕರೆತಂದು ಹೆದರಿಸಲೂ ಇಲ್ಲ. ನಮ್ಮ ಕಣ್ಣೆದುರಿಗೇ ಇದ್ದು ನಾವು ಕಾಣದೆ ಹೋದುದನ್ನು ಕಾಣಿಸಿದರು, ಅಷ್ಟೇ. ಕಂಡ ಮೇಲೆ ನಾಚಿಕೆ ತಾನಾಗಿ ಬಂದಿತು. ನಾಚಿಕೆ ಬಂದ ಮೇಲೆ ಕೆಲಸ ನಡೆಯಿತು. ಭಯದಿಂದ ಬಂದ ಶುಚಿ ಕಾವಲು ಇರುವವರೆಗೆ; ಅರಿವಿನಿಂದ ಬಂದ ಶುಚಿ ಮಾತ್ರ ನಿಲ್ಲುವಂಥದು.

ಆದರೆ ಈ ಕಲೆಗೆ ಒಂದು ದೊಡ್ಡ ಕೊರತೆಯೂ ಉಂಟು. ಅದು ಅಲ್ಪಾಯುಷಿ. ಗುಂಡಿ ಮುಚ್ಚಿದೊಡನೆ ಮೊಸಳೆಯ ಕೆಲಸ ಮುಗಿಯಿತು. ಗೋಡೆಯ ಮೇಲಿನ ಬಣ್ಣಕ್ಕಾದರೂ ಆಯುಷ್ಯ ಹೆಚ್ಚಿಲ್ಲ. ಬಿಸಿಲು ಬಣ್ಣವನ್ನು ಕುಡಿಯುತ್ತದೆ. ಮಳೆನೀರು ಗಾರೆಯೊಳಗೆ ಇಳಿದು ಬಣ್ಣದ ಪದರವನ್ನು ಹಿಂದಿನಿಂದ ಎಬ್ಬಿಸುತ್ತದೆ. ಸಿನೆಮಾದ ಭಿತ್ತಿಪತ್ರ ಅಂಟಿಸುವವರು ಉಳಿದುದನ್ನು ಮುಗಿಸುತ್ತಾರೆ. 2009ರ ಸುಮಾರಿಗೆ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ನಗರದ ಗೋಡೆಗಳ ಮೇಲೆ ನಾಡಿನ ದೇಗುಲ, ಜಲಪಾತ, ಕಾಡುಮೃಗಗಳ ಚಿತ್ರ ಬರೆಸಿತು. ಆ ಕೆಲಸಕ್ಕೆ ಬಂದವರಲ್ಲಿ ಬಹುಮಂದಿ ಒಂದು ಕಾಲಕ್ಕೆ ಅಂಗಡಿಯ ಫಲಕಗಳನ್ನೂ ಸಿನೆಮಾದ ದೊಡ್ಡ ಚಿತ್ರಗಳನ್ನೂ ಕೈಯಾರೆ ಬರೆಯುತ್ತಿದ್ದ ಚಿತ್ರಕಾರರು. ಯಂತ್ರದಲ್ಲಿ ಅಚ್ಚಾಗುವ ಫ್ಲೆಕ್ಸ್ ಹಾಳೆ ಬಂದು ಅವರ ಅನ್ನವನ್ನು ಕಸಿದುಕೊಂಡಿತ್ತು. ಗೋಡೆಯ ಚಿತ್ರಗಳು ಅವರಿಗೆ ಕೆಲಕಾಲ ಕೂಲಿ ಕೊಟ್ಟವು. 2018ರ ಆಗಸ್ಟಿನಲ್ಲಿ ಉಚ್ಚ ನ್ಯಾಯಾಲಯದ ಕಟ್ಟುನಿಟ್ಟಿನ ಮೇಲೆ ನಗರದ ಫ್ಲೆಕ್ಸುಗಳನ್ನು ಕಿತ್ತುಹಾಕಲಾಯಿತು. ಆದರೂ ಕುಂಚ ಕೆಳಗಿಟ್ಟ ಕೈ ಮತ್ತೆ ಕುಂಚ ಹಿಡಿಯುವುದು ಸುಲಭವಲ್ಲ. ಒಂದು ಕಸುಬು ತಪ್ಪಿದರೆ ಅದರೊಡನೆ ಒಂದು ತಲೆಮಾರಿನ ಕೈಚಳಕವೂ ತಪ್ಪಿಹೋಗುತ್ತದೆ. ಈ ಮಾತನ್ನು ಕುಂಬಾರರ ವಿಷಯಕ್ಕೆ ಬರುವಾಗ ನೆನಪಿನಲ್ಲಿಟ್ಟುಕೊಳ್ಳಬೇಕು.

ಇನ್ನೊಬ್ಬರ ಗೋಡೆಯ ಮೇಲೆ ಅನುಮತಿಯಿಲ್ಲದೆ ಗೀಚುವುದು ಸರಿಯಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಸಾರ್ವಜನಿಕ ಸ್ಥಳಗಳನ್ನು ವಿರೂಪಗೊಳಿಸುವುದರ ವಿರುದ್ಧ ಕರ್ನಾಟಕದಲ್ಲಿ 1981ರಲ್ಲೇ ಕಾಯಿದೆಯಾಗಿದೆ. ಆದುದರಿಂದ ಬೀದಿಯ ಕಲೆ ಒಪ್ಪಿಗೆಯ ಮೇಲೆ ನಡೆಯಬೇಕು. ಒಪ್ಪಿಗೆ ಸಿಕ್ಕ ಕಡೆ ಅದು ಬೆಳಗಿದೆ. ಯಲಹಂಕದ ಸೃಷ್ಟಿ ಕಲಾಶಾಲೆಯ ಅಧ್ಯಾಪಕರೂ ವಿದ್ಯಾರ್ಥಿಗಳೂ ಮೆಟ್ರೊ ನಿಗಮದ ಸಮ್ಮತಿಯಿಂದ ಪೀಣ್ಯದ ನಿಲ್ದಾಣದಲ್ಲಿ ಚಿತ್ರ ಬರೆದು, ಕಾಂಕ್ರೀಟಿನ ಬೋಳು ಗೋಡೆಗಳಿಗೆ ಜೀವಕಳೆ ತಂದದ್ದು ಇದಕ್ಕೆ ನಿದರ್ಶನ.

ಈಗ ಎರಡನೆಯ ಕಸುಬಿಗೆ ಬರೋಣ. ಆರ್.ಟಿ. ನಗರದಿಂದ ದಕ್ಷಿಣಕ್ಕೆ, ದಂಡು ಪ್ರದೇಶದ ಅಂಚಿನಲ್ಲಿ, ಬೆನ್‌ಸನ್ ಟೌನಿನ ಬದಿಗೆ ಪಾಟರಿ ಟೌನ್ ಎಂಬ ಬಡಾವಣೆಯಿದೆ. ಹೆಸರೇ ಹೇಳುವಂತೆ ಅದು ಕುಂಬಾರರ ಕೇರಿ. ತಲೆಮಾರುಗಳಿಂದ ಅಲ್ಲಿ ನೆಲೆಸಿದ ಮನೆತನಗಳು ಗಡಿಗೆ, ಹಣತೆ, ಹೂಕುಂಡ, ಗಣಪತಿಯ ಮೂರ್ತಿಗಳನ್ನು ಮಾಡುತ್ತ ಬಂದಿವೆ. ಸುತ್ತಲೂ ಮಹಡಿಮನೆಗಳು ಎದ್ದಿವೆ. ನೆಲದಡಿಯ ಮೆಟ್ರೊ ಮಾರ್ಗದ ನಿಲ್ದಾಣವೊಂದಕ್ಕೆ ಕೂಡ ಆ ಕೇರಿಯ ಹೆಸರನ್ನೇ ಇಟ್ಟಿದ್ದಾರೆ. ನಿಲ್ದಾಣಕ್ಕೆ ಕುಂಬಾರರ ಹೆಸರು ಉಳಿದು, ಕೇರಿಯಲ್ಲಿ ಕುಂಬಾರಿಕೆ ಅಳಿಯಿತೆಂದಾದರೆ ಅದಕ್ಕಿಂತ ವಿಪರ್ಯಾಸ ಬೇರೆ ಇದೆಯೇ?

ಅಳಿವಿನ ಕಾರಣಗಳು ಗೂಢವಾದುವಲ್ಲ. ಕುಂಬಾರನಿಗೆ ಬೇಕಾದ ಜೇಡಿಮಣ್ಣು ಕೆರೆಯ ಒಡಲಲ್ಲಿ ಸಿಗುವಂಥದು. ನಗರದ ಕೆರೆಗಳು ಬಡಾವಣೆಗಳಾದುವು. ಉಳಿದುವುಗಳಲ್ಲಿ ಚರಂಡಿಯ ನೀರು ನಿಂತಿತು. ಮಣ್ಣನ್ನು ಈಗ ದೂರದಿಂದ ಲಾರಿಯಲ್ಲಿ ಹಣ ಕೊಟ್ಟು ತರಿಸಬೇಕು. ಕಟ್ಟಿಗೆಯ ಆವಿಗೆಯಿಂದ ಏಳುವ ಹೊಗೆಯನ್ನು ಒತ್ತೊತ್ತಾದ ನೆರೆಹೊರೆ ಸಹಿಸದು. ಒಣಗಿಸಲು ಅಂಗಳವಿಲ್ಲ. ನೀರಿನ ಗಡಿಗೆಯ ಸ್ಥಾನಕ್ಕೆ ಪ್ಲಾಸ್ಟಿಕ್ ಬಿಂದಿಗೆಯೂ ತಂಪುಪೆಟ್ಟಿಗೆಯೂ ಬಂದು ಕುಳಿತಿವೆ. ಗೌರಿಗಣೇಶದ ಹಬ್ಬ ಮತ್ತು ದೀಪಾವಳಿ, ಈ ಎರಡು ಹಂಗಾಮು ಬಿಟ್ಟರೆ ತಿಗರಿಗೆ ಬಿಡುವೇ ಬಿಡುವು. ಹಬ್ಬದ ವ್ಯಾಪಾರದಲ್ಲೂ ಪ್ಲಾಸ್ಟರ್ ಆಫ್ ಪ್ಯಾರಿಸ್ ಗಣಪತಿ ಬಂದು ಮಣ್ಣಿನ ಗಣಪತಿಯನ್ನು ಬಹುಕಾಲ ಹಿಂದೆ ತಳ್ಳಿತ್ತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2020ರಲ್ಲಿ ಹೊರಡಿಸಿದ ಪರಿಷ್ಕೃತ ಮಾರ್ಗಸೂಚಿ ಅದಕ್ಕೆ ತಡೆಯೊಡ್ಡಿದ್ದು ಮಣ್ಣಿನ ಕೆಲಸದವರಿಗೆ ಒಂದಿಷ್ಟು ಆಸರೆಯಾಯಿತು. ಆದರೆ ವರ್ಷದ ಎರಡು ತಿಂಗಳ ದುಡಿಮೆಯಿಂದ ಹನ್ನೆರಡು ತಿಂಗಳ ಸಂಸಾರ ಸಾಗದು. ಅಪ್ಪನ ಪಾಡನ್ನು ಕಂಡ ಮಗ ತಿಗರಿಯ ಮುಂದೆ ಕೂರಲು ಹಿಂಜರಿದರೆ ಅವನನ್ನು ದೂರುವುದು ನ್ಯಾಯವೆನಿಸದು.

ಹೀಗೆ ಒಂದು ಕಡೆ ಚಿತ್ರಕಾರ. ಅವನಲ್ಲಿ ಹೊಸ ಕಲ್ಪನೆಯಿದೆ, ಬಾಳಿಕೆಯಿಲ್ಲ. ಇನ್ನೊಂದು ಕಡೆ ಕುಂಬಾರ. ಅವನ ಕೈಯಲ್ಲಿ ಬಾಳಿಕೆಯಿದೆ, ಹೊಸ ಬೇಡಿಕೆಯಿಲ್ಲ. ಇಬ್ಬರನ್ನೂ ಕೂಡಿಸಿದರೆ ಏನಾದೀತು? ಈ ಪ್ರಯೋಗ ಲೋಕದಲ್ಲಿ ಹೊಸದೇನೂ ಅಲ್ಲ.

ಪೋರ್ಚುಗಲ್ ದೇಶದ ಲಿಸ್ಬನ್ ನಗರದಲ್ಲಿ ಮನೆಯ ಮುಂಗೋಡೆಗೆ ಬಣ್ಣದ ಪಿಂಗಾಣಿ ಬಿಲ್ಲೆ ಹೊದಿಸುವ ರೂಢಿ ಶತಮಾನಗಳಿಂದ ಇದೆ. ಅದನ್ನು ಅಲ್ಲಿ ಅಜುಲೆಜು ಎನ್ನುತ್ತಾರೆ; ಆ ಮಾತೂ ಕಸುಬೂ ಅರಬ್ಬರಿಂದ ಬಂದವು. 1959ರಲ್ಲಿ ಅಲ್ಲಿ ನೆಲದಡಿಯ ರೈಲು ಆರಂಭವಾದಾಗ ಮಾರಿಯಾ ಕೈಲ್ ಎಂಬ ಚಿತ್ರಕಾರ್ತಿ ಮೊದಲ ನಿಲ್ದಾಣಗಳ ಪೈಕಿ ಬಹುಪಾಲಿನ ಗೋಡೆಗಳಿಗೆ ಬಿಲ್ಲೆಗಳ ವಿನ್ಯಾಸ ಮಾಡಿಕೊಟ್ಟರು. ನಮ್ಮ ಕಾಲದಲ್ಲಿ ದಿಯೋಗೊ ಮಷಾದು ಎಂಬ ಬೀದಿ ಕಲಾವಿದರು ಗೀಚುಬರಹದ ಚಿತ್ರಗಳನ್ನು ಅದೇ ಹಳೆಯ ಬಿಲ್ಲೆಗಳ ಅಚ್ಚುಕಟ್ಟಿಗೆ ಇಳಿಸಿದ್ದಾರೆ. ದೂರದಿಂದ ನೋಡಿದರೆ ಅಜ್ಜನ ಕಾಲದ ಬಳ್ಳಿಚಿತ್ತಾರ, ಹತ್ತಿರ ಹೋದರೆ ಈ ಕಾಲದ ಮೊಮ್ಮಗನ ತುಂಟತನ. ಆರ್.ಟಿ. ನಗರದಲ್ಲಿ ಮೊಸಳೆ ಮಲಗಿದ 2015ರಲ್ಲೇ ಲಿಸ್ಬನ್ನಿನ ಇನ್ನೊಬ್ಬ ಬೀದಿ ಕಲಾವಿದ, ವಿಲ್ಸ್ ಎಂಬ ಹೆಸರಿನಿಂದ ಪ್ರಸಿದ್ಧರಾದ ಅಲೆಷಾಂದ್ರೆ ಫಾರ್ತು, ನಗರಸಭೆಯ ಕಲ್ಲುಹಾಸಿನ ಕುಶಲಕರ್ಮಿಗಳ ಜೊತೆ ಕೂಡಿ ಗಾಯಕಿ ಅಮಾಲಿಯಾ ರೊದ್ರಿಗೇಸ್ ಅವರ ಮುಖವನ್ನು ಕಪ್ಪುಬಿಳಿ ಕಲ್ಲುಗಳಲ್ಲಿ ಮೂಡಿಸಿದರು. ಅದು ಮಣ್ಣಿನ ಕೆಲಸವಲ್ಲ, ಕಲ್ಲಿನದು. ಆದರೆ ಪಾಠ ಒಂದೇ. ಬೀದಿ ಕಾಲುದಾರಿ ಹಾಸುವವನ ಕೈಗೂ ಕಲಾವಿದನ ಕೈಗೂ ಅಲ್ಲಿ ಒಂದೇ ಪಂಕ್ತಿ.

ನಮ್ಮ ದೇಶದ ಮಾದರಿ ಬೇಕೆಂದರೆ ಹಿರಿಯ ಕಲಾವಿದ ಕೆ.ಜಿ. ಸುಬ್ರಹ್ಮಣ್ಯನ್ ಅವರನ್ನು ನೆನೆಯಬೇಕು. 1963ರಲ್ಲಿ ಅವರು ಲಖನೌ ನಗರದ ರವೀಂದ್ರಾಲಯದ ಗೋಡೆಯ ಮೇಲೆ, ರವೀಂದ್ರನಾಥ ಠಾಕೂರರ ನಾಟಕವೊಂದನ್ನು ವಸ್ತುವಾಗಿಟ್ಟುಕೊಂಡು, ಸುಟ್ಟಮಣ್ಣಿನ ಬಿಲ್ಲೆಗಳಿಂದ ಬೃಹತ್ ಭಿತ್ತಿಶಿಲ್ಪ ರಚಿಸಿದರು. ಕರಕುಶಲಿಗಳ ಜಾಣ್ಮೆಯಿಂದ ದೊಡ್ಡ ಕಲಾವಿದನೂ ಕಲಿಯಬೇಕಾದುದುಂಟು ಎಂಬುದನ್ನು ಅವರು ಬಾಳಿನುದ್ದಕ್ಕೂ ಪ್ರತಿಪಾದಿಸಿದರು. ನಮ್ಮ ನಾಡಿಗೂ ಬೆಂದ ಮಣ್ಣಿನ ಹೊಸ ಉಪಯೋಗ ಪರಕೀಯವಲ್ಲ. ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ನಿನವರು ತೆರೆದ ಹೆಂಚಿನ ಕಾರ್ಖಾನೆಯಿಂದ ಹೊರಟ ಮಂಗಳೂರು ಹೆಂಚು ದೇಶದ ಎಷ್ಟೋ ಮನೆಗಳ ಸೂರಾಯಿತು.

ಕೂಡಿ ಮಾಡುವ ಕೆಲಸದ ಬಗೆ ಹೇಗೆಂಬುದನ್ನೂ ಸ್ವಲ್ಪ ತಿಳಿಯೋಣ. ಚಿತ್ರಕಾರನು ಗೋಡೆಯಳತೆಯ ಚಿತ್ರವನ್ನು ಕಾಗದದಲ್ಲಿ ಬರೆಯುತ್ತಾನೆ. ಕುಂಬಾರನು ಹದಗೊಳಿಸಿದ ಮಣ್ಣನ್ನು ಹಲಗೆಯಾಗಿ ತಟ್ಟಿ, ಚಿತ್ರವನ್ನು ಅದರ ಮೇಲಿಳಿಸಿ, ಚೌಕಗಳಾಗಿ ಕೊಯ್ದು, ಒಂದೊಂದರ ಬೆನ್ನಿಗೂ ಅಂಕಿ ಹಾಕುತ್ತಾನೆ. ಆಮೇಲೆ ನೆರಳಿನಲ್ಲಿ ನಿಧಾನವಾಗಿ ಒಣಗಿಸಬೇಕು. ಬಿಸಿಲಿಗಿಟ್ಟರೆ ಬಿಲ್ಲೆಯ ಅಂಚು ಮೇಲೆದ್ದು ಸೊಟ್ಟಗಾಗುತ್ತದೆ. ಒಣಗಿ ಬೆಂದಾಗ ಮಣ್ಣು ಸುಮಾರು ಹತ್ತರಲ್ಲೊಂದು ಪಾಲು ಕುಗ್ಗುತ್ತದೆಯಾದ ಕಾರಣ ಚಿತ್ರವನ್ನು ಮೊದಲೇ ಆ ಲೆಕ್ಕದಲ್ಲಿ ಹಿಗ್ಗಿಸಿ ಬರೆದಿರಬೇಕು. ಸುಮಾರು 600 ಡಿಗ್ರಿ ಶಾಖ ದಾಟಿದ ಮಣ್ಣು ಮತ್ತೆ ನೀರಿನಲ್ಲಿ ಕರಗಿ ಮಣ್ಣಾಗದು. 900ರಿಂದ 1,000 ಡಿಗ್ರಿಯ ಹೊತ್ತಿಗೆ ಗಡಿಗೆಯ ಗಟ್ಟಿತನ ಬರುತ್ತದೆ. ಬಣ್ಣವೆಂದರೆ ಇಲ್ಲಿ ಡಬ್ಬಿಯ ಬಣ್ಣವಲ್ಲ. ಗಾಜಾಗಿ ಕರಗುವ ಲೇಪದಲ್ಲಿ ಕೋಬಾಲ್ಟ್ ಬೆರೆಸಿದರೆ ನೀಲಿ, ತಾಮ್ರದಿಂದ ಹಸಿರು, ಕಬ್ಬಿಣದಿಂದ ಕೆಂಪುಗಂದು. ಬೆಂಕಿಯಲ್ಲಿ ಆ ಲೇಪವು ಮಣ್ಣಿನೊಡನೆ ಒಂದಾಗುವುದರಿಂದ ಬಿಸಿಲಿಗೆ ಮಾಸದು, ಮಳೆಗೆ ಏಳದು. ಗೋಡೆ ಕೊಳೆಯಾದರೆ ಒಂದು ಬಕೆಟ್ಟು ನೀರು ಸಾಕು.

ಆದರೆ ಇಲ್ಲಿ ಇಬ್ಬರೂ ತಂತಮ್ಮ ಸ್ವಭಾವವನ್ನು ಕೊಂಚ ಬಿಟ್ಟುಕೊಡಬೇಕಾಗುತ್ತದೆ. ಬೀದಿಯ ಚಿತ್ರಕಾರನದು ಒಂದೇ ರಾತ್ರಿಯ ಚುರುಕು. ಅವನು ವಾರಗಟ್ಟಲೆ ಕಾಯುವುದನ್ನು ಕಲಿಯಬೇಕು, ಆವಿಗೆಯಲ್ಲಿ ಕೆಲವು ಬಿಲ್ಲೆ ಒಡೆದರೆ ತಾಳಿಕೊಳ್ಳಬೇಕು. ಕುಂಬಾರನ ಕೈ ದುಂಡಗಿನದಕ್ಕೆ ಒಗ್ಗಿದುದು. ಅವನು ಚಪ್ಪಟೆಯ ಕೆಲಸವನ್ನೂ ಕಾಣದ ರೂಪಗಳನ್ನೂ ಒಪ್ಪಿಕೊಳ್ಳಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಒಬ್ಬನು ಯಜಮಾನ ಇನ್ನೊಬ್ಬನು ಕೂಲಿಯಾಳು ಎಂಬ ಭಾವ ಅಳಿಯಬೇಕು. ಎಷ್ಟೋ ಕಡೆ ಕಲಾವಿದನ ಹೆಸರು ಪತ್ರಿಕೆಗೇರುತ್ತದೆ; ಮಣ್ಣು ತುಳಿದವನು, ರಾತ್ರಿಯೆಲ್ಲ ಆವಿಗೆಗೆ ಕಾವಲಿದ್ದವನು ಅನಾಮಿಕನಾಗಿ ಉಳಿಯುತ್ತಾನೆ. ಹಾಗಾದಲ್ಲಿ ಅದು ಸಹಯೋಗವಲ್ಲ, ಸೌಜನ್ಯದ ಮುಸುಕಿನ ಶೋಷಣೆ.

ಈ ಮಾತಿಗೆ ನಮ್ಮ ಪರಂಪರೆ ಎಂದೋ ಉತ್ತರ ಹೇಳಿದೆ. ಕುಂಬಾರ ಗುಂಡಯ್ಯನ ಚರಿತೆಯನ್ನು ಹರಿಹರ ಮಹಾಕವಿ ರಗಳೆಯಾಗಿ ಹಾಡಿದ್ದಾನೆ. ಗುಂಡಯ್ಯ ಗಡಿಗೆಯನ್ನು ತಟ್ಟುವ ನಾದಕ್ಕೆ ಮರುಳಾಗಿ ಸಾಕ್ಷಾತ್ ಶಿವನೇ ಇಳಿದು ಬಂದು ಕುಣಿದನೆಂಬುದು ಆ ಕಥೆ. ಇಲ್ಲಿ ಗುಂಡಯ್ಯ ಕೆಲಸ ನಿಲ್ಲಿಸಿ ಪೂಜೆಗೆ ಎದ್ದು ಹೋಗಲಿಲ್ಲ. ಕೆಲಸವೇ ಪೂಜೆಯಾಯಿತು, ಗಡಿಗೆಯೇ ವಾದ್ಯವಾಯಿತು. ಅವನ ಸತಿ ಕೇತಲದೇವಿಯ ಹೆಸರು ಗಂಡನ ನೆರಳಿನಲ್ಲಿ ಮರೆಯಾಗಲಿಲ್ಲ. ವಚನಕಾರ್ತಿಯರ ಸಾಲಿನಲ್ಲಿ ಆಕೆಗೆ ತನ್ನದೇ ಸ್ಥಾನವಿದೆ. ಮಣ್ಣು ಮೆತ್ತಿದ ಕೈಯನ್ನು ಕೀಳೆಂದು ಕಾಣದ ದೃಷ್ಟಿ ನಮ್ಮದೆಂದು ವೇದಿಕೆಯ ಮೇಲೆ ಹೇಳುತ್ತ ಬಂದಿದ್ದೇವೆ. ಪಾಟರಿ ಟೌನಿನ ಬಾಗಿಲಲ್ಲಿ ಹಣತೆಗೆ ಎರಡು ರೂಪಾಯಿ ಕಡಿಮೆ ಮಾಡಿರೆಂದು ಚೌಕಾಸಿ ಮಾಡುವಾಗ ಆ ದೃಷ್ಟಿ ಎಲ್ಲಿಗೆ ಹೋಗಿರುತ್ತದೆ?

ಒಂದು ಆಕ್ಷೇಪವನ್ನು ಮುಂದಾಗಿಯೇ ಎದುರಿಸೋಣ. ಪಿಂಗಾಣಿಯ ಚಿತ್ರ ಬಣ್ಣದ ಚಿತ್ರಕ್ಕಿಂತ ದುಬಾರಿ ಎನ್ನುವರು, ನಿಜ. ಆದರೆ ಎರಡು ಮೂರು ವರ್ಷಕ್ಕೊಮ್ಮೆ ಮತ್ತೆ ಬಣ್ಣ ಬಳಿಸುವ ವೆಚ್ಚವನ್ನು ಇಪ್ಪತ್ತು ವರ್ಷಕ್ಕೆ ಲೆಕ್ಕ ಹಾಕಿದರೆ ಅಂತರ ಬಹಳವಿರದು. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಎಷ್ಟೇ ಚೆಲುವಾದ ಚಿತ್ರವಿದ್ದರೂ ಶೌಚಕ್ಕೆ ಜಾಗವಿಲ್ಲದ ಬೀದಿಯಲ್ಲಿ ಗೋಡೆ ಹೊಲಸಾಗದೇ? ಆಗುತ್ತದೆ. ಹೊತ್ತು ಮೂಡುವ ಮುನ್ನ ಮನೆ ಬಿಟ್ಟ ಕೂಲಿಕಾರ, ಆಟೋ ಚಾಲಕ, ತಳ್ಳುಗಾಡಿಯವನು ಎಲ್ಲಿಗೆ ಹೋಗಬೇಕು? ಗೋಡೆಗೂ ಹೋಗಲಾರದ ಹೆಣ್ಣುಮಗಳು, ಹೂಮಾರುವವಳು, ಇಡೀ ದಿನ ನೀರು ಕುಡಿಯದೆ ದೇಹ ದಂಡಿಸಿಕೊಳ್ಳುತ್ತಾಳೆ. ದೇವರ ಬಿಲ್ಲೆಯಾಗಲಿ ಕಲಾವಿದನ ಚಿತ್ರವಾಗಲಿ ಶೌಚಾಲಯಕ್ಕೆ ಬದಲಿಯಲ್ಲ. ಬಿಲ್ಲೆ ಕೂರಿಸಿದರೆ ಕರ್ತವ್ಯ ಮುಗಿಯಿತೆಂಬ ನೆಮ್ಮದಿಯನ್ನೇ ಮೊದಲು ಕಿತ್ತುಹಾಕಬೇಕು.

ಹಾಗಾದರೆ ನಾವು ಮಾಡಬಹುದಾದುದೇನು? ನಮ್ಮ ಸಮಾಜದ ಆಡಳಿತದಲ್ಲಿ ಶಾಲೆಗಳಿವೆ, ವಿದ್ಯಾರ್ಥಿನಿಲಯಗಳಿವೆ, ಕಲ್ಯಾಣಮಂಟಪಗಳಿವೆ. ಎಲ್ಲಕ್ಕೂ ಬೀದಿಗೆ ಮುಖಮಾಡಿದ ಉದ್ದುದ್ದ ಗೋಡೆಗಳಿವೆ. ಒಂದೊಂದು ಸಂಸ್ಥೆ ತನ್ನ ಒಂದು ಗೋಡೆಯನ್ನು ಈ ಕೂಡುಕೆಲಸಕ್ಕೆ ಕೊಡಲಿ. ಮೊದಲು ದಾರಿಹೋಕರಿಗೆ ಒಂದು ಶೌಚಾಲಯ, ಒಂದು ಕುಡಿಯುವ ನೀರಿನ ನಲ್ಲಿ. ಆಮೇಲೆ ಗೋಡೆಗೆ ಚಿತ್ರ. ಚಿತ್ರದ ವಸ್ತು ದೇವರ ಮೂರ್ತಿಯೇ ಆಗಬೇಕಿಲ್ಲ. ಆ ಬಡಾವಣೆಯ ಬತ್ತಿದ ಕೆರೆ, ಅಲ್ಲಿಗೆ ಬರುತ್ತಿದ್ದ ಹಕ್ಕಿಗಳು, ಕಾಯಕ ಮಾಡುವ ಕೈಗಳು, ನೆರೆಯ ಮಕ್ಕಳು ಬರೆದ ಗೆರೆಗಳು, ಇವೇ ಸಾಕು. ಶರಣರ ಚಿತ್ರ ಬೇಕೇ ಬೇಕೆಂದರೆ ಕಣ್ಣೆತ್ತರಕ್ಕಿಂತ ಮೇಲಿರಲಿ. ಗೋಡೆಯ ಮೂಲೆಯಲ್ಲಿ ಚಿತ್ರಕಾರನ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ಕುಂಬಾರ ಮನೆತನದ ಹೆಸರೂ, ಗಾರೆಯವನ ಹೆಸರೂ ಇರಲಿ. ಸಂಭಾವನೆಯನ್ನು ಕೆಲಸಕ್ಕೆ ಮುನ್ನ ಬಹಿರಂಗವಾಗಿ ನಿಶ್ಚಯಿಸಲಿ.

ನಿಮ್ಮ ಪರಿಚಯದಲ್ಲಿ ಕುಂಬಾರ ಕುಟುಂಬಗಳಿದ್ದರೆ ಇನ್ನೊಂದು ವಿಷಯ ತಿಳಿಸಿರಿ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಕೇಂದ್ರ ಸರಕಾರದ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕುಂಬಾರಿಕೆಯೂ ಸೇರಿದೆ. ತರಬೇತಿಯ ದಿನಗಳಿಗೆ ಭತ್ಯೆ, ಸಲಕರಣೆಗೆ 15,000 ರೂಪಾಯಿಯ ನೆರವು, ಶೇಕಡಾ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಅದನ್ನು ತೀರಿಸಿದ ಮೇಲೆ 2 ಲಕ್ಷ ರೂಪಾಯಿಯವರೆಗೆ ಸಾಲ, ಇವು ಆ ಯೋಜನೆಯಲ್ಲಿ ವಿಧಿಸಿದ ಸೌಲಭ್ಯಗಳು. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆ ಈ ಕಸುಬಿನ ತರಬೇತಿಗೆ ಹೆಸರಾದುದು. ಅರ್ಜಿ ತುಂಬಲು ಬಾರದ ಹಿರಿಯರಿಗೆ ನಮ್ಮ ಮನೆಯ ಕಾಲೇಜು ಹುಡುಗನೊಬ್ಬ ಒಂದು ಮಧ್ಯಾಹ್ನ ಕುಳಿತು ತುಂಬಿಕೊಟ್ಟರೆ ಅದೂ ದಾಸೋಹವೇ.

ಹಸಿ ಮಣ್ಣಿಗೆ ರೂಪ ಕೊಡಬಹುದು, ಆದರೆ ಅದು ನೀರಿಗೆ ಕರಗುತ್ತದೆ. ಬೆಂಕಿಯನ್ನು ಹಾದುಬಂದ ಮೇಲೆ ಮಾತ್ರ ಅದು ನೀರನ್ನು ಹೊರಬಲ್ಲದು. ನಮ್ಮ ಒಳ್ಳೆಯ ಮಾತುಗಳ ಪಾಡೂ ಅಷ್ಟೇ. ಆಚರಣೆಯ ಆವಿಗೆಗೆ ಇಳಿಯುವವರೆಗೆ ಅವು ಹಸಿ ಗಡಿಗೆಗಳು. ಮುಂದಿನ ಸಲ ನಿಮ್ಮ ಗೋಡೆಗೆ ಬಿಲ್ಲೆ ಕೂರಿಸಬೇಕೆಂದು ಅನ್ನಿಸಿದಾಗ ಅಂಗಡಿಗೆ ಹೋಗುವ ಮುನ್ನ ಕುಂಬಾರರ ಕೇರಿಯ ಕಡೆ ನಾಲ್ಕು ಹೆಜ್ಜೆ ನಡೆಯಿರಿ. ದೇವರನ್ನು ಕಾವಲಿನಿಂದ ಬಿಡುಗಡೆ ಮಾಡಿ, ಕಾಯಕದ ಕೈಗೆ ಕೆಲಸ ಕೊಡಿರಿ.